ಸ್ಮರಣ ಸಂಚಿಕೆಯ ಪುಟಗಳು: ರೈಟರ್‌ನಲ್ಲಿ ಪುಟಶೈಲಿಯನ್ನು ಅರಿತು ಬಳಸುವ ಬಗೆ

ಮುಂಬೈಯ ಕನ್ನಡ ಸಂಘಗಳಲ್ಲಿ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಸ್ಮರಣ ಸಂಚಿಕೆಯ ಕೆಲಸವೂ ತಲೆಯ ಮೇಲೆ ಬಂದು ಕೂರುತ್ತದೆ. ಮಾಟುಂಗದಲ್ಲಾಗಲಿ, ಡೊಂಬಿವಲಿಯಲ್ಲಾಗಲಿ, ವಸಾಯಿಯಲ್ಲಾಗಲಿ ಈ ಕೆಲಸ ಬೀಳುವುದು ಹೆಚ್ಚಾಗಿ ಹಗಲೆಲ್ಲ ಬ್ಯಾಂಕಿನಲ್ಲೋ ಹೋಟೆಲಿನಲ್ಲೋ ಶಾಲೆಯಲ್ಲೋ ದುಡಿದು, ಲೋಕಲ್ ರೈಲಿನಲ್ಲಿ ಮನೆ ಸೇರಿ, ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂರುವವರ ಪಾಲಿಗೆ. ಅವರಿಗೆ ಕನ್ನಡ ಟೈಪಿಂಗ್ ಚೆನ್ನಾಗಿಯೇ ಬರುತ್ತದೆ. ಕೆಲಸ ಕೆಡುವುದು ಪುಟಗಳ ವಿಷಯದಲ್ಲಿ: ಜಾಹೀರಾತಿನ ಪುಟದಿಂದ ಶಿರೋಬರಹವನ್ನು, ಎಂದರೆ ಪುಟದ ಮೇಲ್ತುದಿಯಲ್ಲಿ ಬರುವ ಸಾಲನ್ನು, ಅಳಿಸಿದರೆ ಇಡೀ ಸಂಚಿಕೆಯ ಶಿರೋಬರಹವೇ ಮಾಯವಾಗುತ್ತದೆ, ದಾನಿಗಳ ಪಟ್ಟಿಗಾಗಿ ಒಂದು ಪುಟವನ್ನು ಅಡ್ಡಕ್ಕೆ ತಿರುಗಿಸಿದರೆ ಎಲ್ಲ ಪುಟಗಳೂ ಅಡ್ಡವಾಗುತ್ತವೆ, ಅಧ್ಯಕ್ಷರ ಮಾತಿನಲ್ಲಿ ಎರಡು ಸಾಲು ಸೇರಿಸಿದ ಕೂಡಲೇ ಹಿಂದಿನ ರಾತ್ರಿ ಸರಿಮಾಡಿಟ್ಟಿದ್ದ ನಲವತ್ತು ಪುಟಗಳು ಅಲುಗಾಡಿಹೋಗುತ್ತವೆ.

ಇವೆಲ್ಲಕ್ಕೂ ಮೂಲ ಒಂದೇ ಎಂಬುದು ನನ್ನ ಅನುಭವ. ಪುಟ ಎಂದರೆ ಏನೆಂದು ನಾವು ತಿಳಿದುಕೊಂಡಿರುವುದಕ್ಕೂ, ಪದಸಂಸ್ಕರಣ ತಂತ್ರಾಂಶವು ಅದನ್ನು ಏನೆಂದು ತಿಳಿದಿದೆಯೋ ಅದಕ್ಕೂ ಇರುವ ವ್ಯತ್ಯಾಸವೇ ಆ ಮೂಲ. ಈ ಲೇಖನದಲ್ಲಿ ಆ ವ್ಯತ್ಯಾಸವನ್ನು ಮೊದಲು ವಿವರಿಸಿ, ಅನಂತರ ಲಿಬ್ರೆಆಫೀಸ್‌ನ ರೈಟರ್ ತಂತ್ರಾಂಶದಲ್ಲಿ ಒಂದು ಸ್ಮರಣ ಸಂಚಿಕೆಗೆ ಬೇಕಾದ ಪುಟಶೈಲಿಗಳನ್ನು ಒಂದೊಂದಾಗಿ ಕಟ್ಟುವ ಕ್ರಮವನ್ನು ಹೇಳುತ್ತೇನೆ. ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಪ್ರಬಂಧ ಸಿದ್ಧಪಡಿಸುವವರಿಗೂ ಇಲ್ಲಿನ ಕ್ರಮ ಹೊಂದುತ್ತದೆ. ಜಾಹೀರಾತಿನ ಮಾತೊಂದನ್ನು ಅವರು ಬಿಟ್ಟುಬಿಡಬಹುದು.

ಪುಟ ಎಲ್ಲಿಂದ ಹುಟ್ಟುತ್ತದೆ

ಅಚ್ಚುಮೊಳೆಯ ಕಾಲದಲ್ಲಿ ಮೊಳೆ ಜೋಡಿಸುವವರು ಒಂದು ಪುಟಕ್ಕಾಗುವಷ್ಟು ಸಾಲುಗಳನ್ನು ಜೋಡಿಸಿ, ಅವು ಕಳಚಿ ಬೀಳದಂತೆ ಸುತ್ತಲೂ ದಾರದಿಂದ ಬಿಗಿದು ಕಟ್ಟುತ್ತಿದ್ದರು. ‘ಪುಟ ಕಟ್ಟುವುದು’ ಎಂಬ ಮಾತು ಆಗ ಅಕ್ಷರಶಃ ನಿಜವಾಗಿತ್ತು, ಏಕೆಂದರೆ ಪುಟವು ಕೈಯಲ್ಲಿ ಎತ್ತಿ ಇಡಬಹುದಾದ ಒಂದು ವಸ್ತುವಾಗಿತ್ತು. ಪುಟವಿನ್ಯಾಸದ ಕೆಲಸಕ್ಕೆ ಕೂತಾಗ ನಮ್ಮ ಮನಸ್ಸು ಇಂದಿಗೂ ಹಾಗೆಯೇ ಯೋಚಿಸುತ್ತದೆ; 12ನೇ ಪುಟ ಎಂಬುದೊಂದು ಇದೆ, ಅದಕ್ಕೆ ಹೀಗೆ ಮಾಡೋಣ, 13ನೇ ಪುಟಕ್ಕೆ ಹಾಗೆ ಮಾಡೋಣ ಎಂದುಕೊಳ್ಳುತ್ತೇವೆ.

ರೈಟರ್‌ನಲ್ಲಿ 12ನೇ ಪುಟ ಎಂಬ ವಸ್ತು ಇಲ್ಲ. ಅಲ್ಲಿರುವುದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಹರಿಯುವ ಬರಹ. ಆ ಬರಹವು ಪ್ಯಾರಾಗಳಾಗಿ ಒಡೆದಿರುತ್ತದೆ. ತಂತ್ರಾಂಶವು ಆ ಹರಿವನ್ನು ಒಂದು ಪಾತ್ರೆಗೆ ತುಂಬುತ್ತದೆ, ಪಾತ್ರೆ ತುಂಬಿದ ಕೂಡಲೇ ಇನ್ನೊಂದನ್ನು ತಾನೇ ಹುಟ್ಟಿಸಿಕೊಂಡು ಅದಕ್ಕೆ ತುಂಬಲು ತೊಡಗುತ್ತದೆ. ಹಾಗೆ ಹುಟ್ಟುವ ಪಾತ್ರೆಯ ಅಳತೆ ಎಷ್ಟು, ಅಂಚು ಎಷ್ಟು, ಅದು ನೀಳವೋ ಅಡ್ಡವೋ, ಮೇಲೆ ಶಿರೋಬರಹ ಇದೆಯೇ, ಕೆಳಗೆ ಪುಟಸಂಖ್ಯೆ ಯಾವ ರೂಪದಲ್ಲಿ ಬರಬೇಕು, ಬರಹ ಎಷ್ಟು ಕಾಲಂಗಳಲ್ಲಿ ಹರಿಯಬೇಕು, ಅಡಿಟಿಪ್ಪಣಿಗೆ ಎಷ್ಟು ಜಾಗ ಎಂಬುದನ್ನೆಲ್ಲ ಮುಂಚಿತವಾಗಿ ಹೇಳಿಡುವ ಅಚ್ಚಿಗೆ ಪುಟಶೈಲಿ ಎಂದು ಹೆಸರು. ಒಂದು ಶೈಲಿಯಿಂದ ನೂರು ಪುಟಗಳು ಹುಟ್ಟಿದ್ದರೆ ಆ ನೂರಕ್ಕೂ ಶಿರೋಬರಹ ಒಂದೇ. ಅವುಗಳಲ್ಲಿ ಯಾವ ಪುಟದಲ್ಲಿ ನಿಂತು ಅದನ್ನು ಅಳಿಸಿದರೂ ನೂರರಲ್ಲಿಯೂ ಅಳಿಯುತ್ತದೆ, ಏಕೆಂದರೆ ಶಿರೋಬರಹವು ಪುಟದ ಸೊತ್ತಲ್ಲ, ಶೈಲಿಯ ಸೊತ್ತು.

ಇದರಿಂದ ಇನ್ನೊಂದು ಮಾತು ತಾನಾಗಿ ಹೊರಡುತ್ತದೆ, ಮತ್ತು ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಅದನ್ನೇ ಇಟ್ಟುಕೊಳ್ಳಿ. ಪುಟಶೈಲಿಯನ್ನು ಪುಟಕ್ಕೆ ಅಂಟಿಸಲು ಬರುವುದಿಲ್ಲ. ಹೊಸ ಪುಟವನ್ನು ಆರಂಭಿಸುವ ಪ್ಯಾರಾಕ್ಕೆ ಮಾತ್ರ ಅಂಟಿಸಬಹುದು. ‘ನನ್ನಿಂದ ಹೊಸ ಪುಟ ಆರಂಭವಾಗಲಿ, ಅದು ಇಂತಹ ಶೈಲಿಯದಾಗಿರಲಿ’ ಎಂಬ ಆದೇಶವನ್ನು ಆ ಪ್ಯಾರಾ ಹೊತ್ತುಕೊಂಡಿರುತ್ತದೆ. ಅದನ್ನು ಕತ್ತರಿಸಿ ಬೇರೆಡೆ ಇಟ್ಟರೆ ಆದೇಶವೂ ಅದರೊಂದಿಗೇ ಹೋಗುತ್ತದೆ. ಆದೇಶವನ್ನು ಅಳಿಸಿದರೆ ಆ ಪ್ಯಾರಾ ಮತ್ತು ಅದರ ಮುಂದಿನ ಬರಹ ಹಿಂದಿನ ಪುಟದ ಶೈಲಿಗೆ ಸೇರಿಕೊಳ್ಳುತ್ತವೆ.

ಈಗ ಕಡತದ ನಡುವಿನ ಯಾವುದೋ ಪುಟದಲ್ಲಿ ನಿಂತು ಶೈಲಿಗಳ ಪಟ್ಟಿಯಲ್ಲಿ ‘ಲ್ಯಾಂಡ್‌ಸ್ಕೇಪ್’ ಎಂಬುದನ್ನು ಎರಡು ಸಲ ಕ್ಲಿಕ್ ಮಾಡಿದರೆ ಇಡೀ ಸಂಚಿಕೆ ಏಕೆ ಅಡ್ಡವಾಗುತ್ತದೆ ಎಂಬುದು ಸ್ಪಷ್ಟವಾದೀತು. ನಡುವೆ ಎಲ್ಲಿಯೂ ಶೈಲಿಯ ಆದೇಶ ಹೊತ್ತ ಪ್ಯಾರಾ ಇಲ್ಲದಿದ್ದರೆ ತಂತ್ರಾಂಶಕ್ಕೆ ಬದಲಾಯಿಸಲು ಸಿಗುವುದು ಕಡತದ ಮೊದಲ ಪುಟದ ಶೈಲಿಯೊಂದೇ.

ಕಾಗದದ ಮೇಲೆ ಮೊದಲು

ಕಂಪ್ಯೂಟರ್ ತೆರೆಯುವ ಮುನ್ನ ಸಂಚಿಕೆಯಲ್ಲಿ ಎಷ್ಟು ಬಗೆಯ ಪುಟಗಳು ಬರುತ್ತವೆ ಎಂದು ಬರೆದುಕೊಳ್ಳಿ. ಎಷ್ಟು ಪುಟಗಳು ಎಂಬುದು ಈಗ ಬೇಡ, ಎಷ್ಟು ಬಗೆ ಎಂಬುದು ಮಾತ್ರ ಸಾಕು. ನಮ್ಮ ಸಂಚಿಕೆಗಳಿಗೆ ಸಾಮಾನ್ಯವಾಗಿ ಐದು ಬಗೆಗಳು ಸಾಲುತ್ತವೆ: ಸಂದೇಶಗಳು, ಪದಾಧಿಕಾರಿಗಳ ಪಟ್ಟಿ, ಸಂಪಾದಕೀಯ ಮತ್ತು ಪರಿವಿಡಿ ಬರುವ ಆರಂಭದ ಪುಟಗಳು, ಪ್ರತಿ ಲೇಖನದ ಮೊದಲ ಪುಟ, ಲೇಖನದ ಒಳಪುಟಗಳು, ಜಾಹೀರಾತಿನ ಪುಟ, ಲೆಕ್ಕಪತ್ರ ಮತ್ತು ದಾನಿಗಳ ಪಟ್ಟಿಗೆ ಅಡ್ಡ ಪುಟ. ಇವಕ್ಕೆ ‘ಆರಂಭ’, ‘ಲೇಖನ ಮೊದಲು’, ‘ಲೇಖನ ಒಳಗೆ’, ‘ಜಾಹೀರಾತು’, ‘ಅಡ್ಡಪುಟ’ ಎಂದು ಕನ್ನಡದಲ್ಲಿಯೇ ಹೆಸರಿಡಿ. ತಂತ್ರಾಂಶ ಯಾವ ತಕರಾರೂ ಇಲ್ಲದೆ ಅವನ್ನು ಒಪ್ಪಿಕೊಳ್ಳುತ್ತದೆ, ಮುಂದಿನ ವರ್ಷ ಕೆಲಸ ವಹಿಸಿಕೊಳ್ಳುವವರಿಗೂ ಅರ್ಥವಾಗುತ್ತದೆ.

ಅಳತೆಯನ್ನೂ ಆಗಲೇ ನಿರ್ಧರಿಸಬೇಕು. ಕನ್ನಡ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವ ಡೆಮಿ 1/8 ಎಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಮಿಲಿಮೀಟರಿನಲ್ಲಿ ಸುಮಾರು 140 ಮತ್ತು 216. ಎ4 ಅಳತೆ 210 ಮತ್ತು 297 ಮಿಲಿಮೀಟರ್. ಕತ್ತರಿಸಿದ ಮೇಲಿನ ನಿಖರ ಅಳತೆ ಮುದ್ರಣಾಲಯದಿಂದ ಮುದ್ರಣಾಲಯಕ್ಕೆ ಸ್ವಲ್ಪ ಬದಲಾಗುವುದರಿಂದ, ಅಲ್ಲಿ ಕೇಳಿ ತಿಳಿದ ಮೇಲೆಯೇ ಶೈಲಿಗೆ ಅಂಕಿಗಳನ್ನು ತುಂಬುವುದು ಕ್ಷೇಮ.

ಶೈಲಿಗಳನ್ನು ರೂಪಿಸುವುದು

ರೈಟರ್‌ನಲ್ಲಿ ಎಫ್11 ಕೀಲಿಯನ್ನು ಒತ್ತಿದರೆ ಶೈಲಿಗಳ ಪಟ್ಟಿ ತೆರೆಯುತ್ತದೆ. ಅದರ ಮೇಲ್ಭಾಗದಲ್ಲಿ ಸಾಲಾಗಿರುವ ಚಿಹ್ನೆಗಳು ಪ್ಯಾರಾ, ಅಕ್ಷರ, ಚೌಕಟ್ಟು, ಪುಟ ಮುಂತಾದ ಬಗೆಗಳನ್ನು ಸೂಚಿಸುತ್ತವೆ. ಪುಟದ ಚಿಹ್ನೆಯನ್ನು ಆರಿಸಿಕೊಳ್ಳಿ. ‘ಡೀಫಾಲ್ಟ್ ಪೇಜ್ ಸ್ಟೈಲ್’, ‘ಫಸ್ಟ್ ಪೇಜ್’, ‘ಲೆಫ್ಟ್ ಪೇಜ್’, ‘ರೈಟ್ ಪೇಜ್’, ‘ಲ್ಯಾಂಡ್‌ಸ್ಕೇಪ್’ ಮುಂತಾದವು ಅಲ್ಲಿ ಮೊದಲೇ ಇರುತ್ತವೆ. ಅವನ್ನೇ ತಿದ್ದಿ ಬಳಸಬಹುದಾದರೂ ನಮ್ಮವೇ ಐದು ಶೈಲಿಗಳನ್ನು ಹೊಸದಾಗಿ ಮಾಡಿಕೊಳ್ಳುವುದನ್ನು ನಾನು ಶಿಫಾರಸು ಮಾಡುತ್ತೇನೆ. ಪಟ್ಟಿಯಲ್ಲಿ ಬಲಗುಂಡಿ ಒತ್ತಿ ‘ನ್ಯೂ’ ಎಂಬುದನ್ನು ಆರಿಸಿದರೆ ಹೊಸ ಶೈಲಿಯ ಕಿಟಕಿ ತೆರೆಯುತ್ತದೆ.

ಮೊದಲು ‘ಲೇಖನ ಒಳಗೆ’ ಶೈಲಿಯನ್ನು ಮಾಡಿ, ಏಕೆಂದರೆ ಸಂಚಿಕೆಯ ಹೆಚ್ಚಿನ ಪುಟಗಳು ಅದರಿಂದಲೇ ಹುಟ್ಟುತ್ತವೆ. ‘ಪೇಜ್’ ಎಂಬ ಭಾಗದಲ್ಲಿ ಅಗಲ ಮತ್ತು ಎತ್ತರವನ್ನು ಬರೆಯಿರಿ. ಅಲ್ಲಿಯೇ ಇರುವ ‘ಪೇಜ್ ಲೇಔಟ್’ ಆಯ್ಕೆಯಲ್ಲಿ ‘ಮಿರರ್ಡ್’ ಎಂಬುದನ್ನು ಆರಿಸಿದರೆ ಎಡ ಅಂಚು, ಬಲ ಅಂಚು ಎಂಬ ಹೆಸರುಗಳು ಒಳ ಅಂಚು, ಹೊರ ಅಂಚು ಎಂದು ಬದಲಾಗುವುದನ್ನು ಕಾಣುವಿರಿ. ತೆರೆದ ಪುಸ್ತಕದಲ್ಲಿ ಎರಡು ಪುಟಗಳು ಕನ್ನಡಿಯ ಪ್ರತಿಬಿಂಬದಂತೆ ಎದುರುಬದುರಾಗಿರುತ್ತವೆ, ಹೊಲಿಗೆಯ ಕಡೆಗೆ ಸ್ವಲ್ಪ ಹೆಚ್ಚು ಜಾಗ ಬೇಕಾಗುತ್ತದೆ. ಡೆಮಿ 1/8ಕ್ಕೆ ನಾನು ಒಳಗೆ 20, ಹೊರಗೆ 15 ಮಿಲಿಮೀಟರ್ ಇಡುತ್ತೇನೆ.

ಮೇಲಂಚಿನ ಲೆಕ್ಕವನ್ನು ನಿಧಾನವಾಗಿ ನೋಡಬೇಕು. ರೈಟರ್‌ನಲ್ಲಿ ಮೇಲಂಚು ಎಂದರೆ ಕಾಗದದ ತುದಿಯಿಂದ ಶಿರೋಬರಹದವರೆಗಿನ ದೂರ, ಬರಹದವರೆಗಿನ ದೂರವಲ್ಲ. ಶಿರೋಬರಹದ ಎತ್ತರವೂ, ಅದಕ್ಕೂ ಬರಹಕ್ಕೂ ನಡುವಿನ ತೆರಪೂ ಇದಕ್ಕೆ ಕೂಡುತ್ತವೆ. ಮೇಲಂಚು 12, ಶಿರೋಬರಹದ ಎತ್ತರ 5, ತೆರಪು 3 ಎಂದಿಟ್ಟರೆ ಬರಹ ಆರಂಭವಾಗುವುದು ಮೇಲಿನಿಂದ 20 ಮಿಲಿಮೀಟರಿನಲ್ಲಿ. ಶಿರೋಬರಹವೇ ಇಲ್ಲದ ಇನ್ನೊಂದು ಶೈಲಿಯಲ್ಲಿ ಬರಹ ಅದೇ ಮಟ್ಟದಲ್ಲಿ ಆರಂಭವಾಗಬೇಕಾದರೆ ಅಲ್ಲಿ ಮೇಲಂಚನ್ನೇ 20 ಎಂದು ಕೊಡಬೇಕು. ಇದನ್ನು ಗಮನಿಸದ ಸಂಚಿಕೆಗಳಲ್ಲಿ ಎದುರುಬದುರು ಪುಟಗಳ ಮೊದಲ ಸಾಲುಗಳು ಒಂದು ಮೇಲೆ, ಒಂದು ಕೆಳಗೆ ಇರುತ್ತವೆ. ಓದುಗರು ಕಾರಣ ಹೇಳಲಾರದಿದ್ದರೂ ಅವರ ಕಣ್ಣು ಅದನ್ನು ಗುರುತಿಸುತ್ತದೆ. ಶಿರೋಬರಹದ ಎತ್ತರ ತಾನಾಗಿ ಹಿಗ್ಗದಿರಲು ‘ಹೆಡರ್’ ಭಾಗದಲ್ಲಿರುವ ‘ಆಟೋಫಿಟ್ ಹೈಟ್’ ಎಂಬ ಆಯ್ಕೆಯನ್ನು ತೆಗೆದುಬಿಡಿ. ಕೆಳಗಿನ ಅಂಚಿಗೂ ಅಡಿಬರಹಕ್ಕೂ ಇದೇ ಲೆಕ್ಕ.

ಅದೇ ‘ಹೆಡರ್’ ಭಾಗದಲ್ಲಿ ಎಡಬಲ ಪುಟಗಳಿಗೆ ಒಂದೇ ಶಿರೋಬರಹ ಎಂಬ ಆಯ್ಕೆ ಇರುತ್ತದೆ. ಅದನ್ನು ತೆಗೆದರೆ ಎಡಪುಟದಲ್ಲಿ ಸಂಘದ ಹೆಸರನ್ನೂ ಬಲಪುಟದಲ್ಲಿ ಲೇಖನದ ಹೆಸರನ್ನೂ ಹಾಕಬಹುದು. ಲೇಖನದ ಹೆಸರನ್ನು ಕೈಯಿಂದ ಟೈಪ್ ಮಾಡಬೇಡಿ, ಏಕೆಂದರೆ ಶಿರೋಬರಹ ಶೈಲಿಯ ಸೊತ್ತಾದ್ದರಿಂದ ಟೈಪ್ ಮಾಡಿದ ಒಂದೇ ಹೆಸರು ಎಲ್ಲ ಲೇಖನಗಳ ಮೇಲೂ ಬರುತ್ತದೆ. ಅದರ ಬದಲಿಗೆ ‘ಇನ್ಸರ್ಟ್’ ಮೆನುವಿನ ‘ಫೀಲ್ಡ್’ಗಳಲ್ಲಿ, ‘ಡಾಕ್ಯುಮೆಂಟ್’ ಎಂಬ ಭಾಗದಲ್ಲಿ, ಅಧ್ಯಾಯದ ಹೆಸರನ್ನು ತಾನಾಗಿ ತರುವ ಫೀಲ್ಡ್ ಇರುತ್ತದೆ. ಆವೃತ್ತಿಗೆ ತಕ್ಕಂತೆ ಅದರ ಹೆಸರು ‘ಚಾಪ್ಟರ್’ ಅಥವಾ ‘ಹೆಡಿಂಗ್’. ಲೇಖನಗಳ ಶೀರ್ಷಿಕೆಗಳೆಲ್ಲ ‘ಹೆಡಿಂಗ್ 1’ ಎಂಬ ಪ್ಯಾರಾಶೈಲಿಯಲ್ಲಿದ್ದರೆ ಈ ಫೀಲ್ಡ್ ಆಯಾ ಪುಟದಲ್ಲಿ ಆಯಾ ಲೇಖನದ ಹೆಸರನ್ನು ತೋರಿಸುತ್ತದೆ.

ಇನ್ನುಳಿದ ನಾಲ್ಕು ಶೈಲಿಗಳನ್ನು ಮಾಡುವಾಗ ಒಂದು ವಿಷಯ ತಿಳಿದಿರಬೇಕು. ಪ್ಯಾರಾಶೈಲಿಗಳಲ್ಲಿ ಒಂದು ಶೈಲಿ ಇನ್ನೊಂದರಿಂದ ಗುಣಗಳನ್ನು ಪಡೆಯುವ ವಂಶಾವಳಿ ಇದೆ; ತಾಯಿಶೈಲಿಯನ್ನು ಬದಲಿಸಿದರೆ ಮಕ್ಕಳೂ ಬದಲಾಗುತ್ತವೆ. ಪುಟಶೈಲಿಗಳಲ್ಲಿ ಅದಿಲ್ಲ. ಪ್ರತಿಯೊಂದಕ್ಕೂ ಅಳತೆ, ಅಂಚುಗಳನ್ನು ಬೇರೆಬೇರೆಯಾಗಿಯೇ ತುಂಬಬೇಕು, ತಿದ್ದುವಾಗಲೂ ಐದರಲ್ಲಿಯೂ ತಿದ್ದಬೇಕು. ಆದ್ದರಿಂದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳುವುದು ನನ್ನ ಪದ್ಧತಿ.

‘ಲೇಖನ ಮೊದಲು’ ಶೈಲಿಗೆ ಶಿರೋಬರಹ ಬೇಡ, ಅಡಿಬರಹ ಇರಲಿ. ಶೀರ್ಷಿಕೆಯ ಮೇಲೆ ಖಾಲಿ ಜಾಗ ಬೇಕೆನಿಸಿದರೆ ಎಂಟರ್ ಕೀಲಿಯನ್ನು ನಾಲ್ಕೈದು ಸಲ ಒತ್ತದೆ, ಈ ಶೈಲಿಯ ಮೇಲಂಚನ್ನೇ 45 ಮಿಲಿಮೀಟರಿಗೆ ಏರಿಸಿ. ‘ಜಾಹೀರಾತು’ ಶೈಲಿಗೆ ಶಿರೋಬರಹವೂ ಅಡಿಬರಹವೂ ಬೇಡ. ‘ಆರಂಭ’ ಶೈಲಿಯಲ್ಲಿ ಪುಟಸಂಖ್ಯೆಯ ರೂಪವಾಗಿ ರೋಮನ್ ಅಂಕಿಯನ್ನು ಆರಿಸಿ. ‘ಅಡ್ಡಪುಟ’ದಲ್ಲಿ ‘ಓರಿಯಂಟೇಶನ್’ ಎಂಬಲ್ಲಿ ‘ಲ್ಯಾಂಡ್‌ಸ್ಕೇಪ್’ ಆರಿಸಿ.

ಮುಂದೆ ಯಾರು

ಹೊಸ ಶೈಲಿಯ ಕಿಟಕಿಯ ಮೊದಲ ಭಾಗವಾದ ‘ಆರ್ಗನೈಸರ್’ ಅಥವಾ ‘ಜನರಲ್’ ಎಂಬಲ್ಲಿ ‘ನೆಕ್ಸ್ಟ್ ಸ್ಟೈಲ್’ ಎಂಬ ಚಿಕ್ಕ ಪೆಟ್ಟಿಗೆ ಇದೆ. ಹೆಚ್ಚಿನವರು ಅದನ್ನು ನೋಡಿಯೂ ನೋಡದಂತೆ ದಾಟಿಹೋಗುತ್ತಾರೆ. ಪುಟಶೈಲಿಯ ಶಕ್ತಿಯೆಲ್ಲ ಇರುವುದು ಅಲ್ಲಿಯೇ ಎಂದು ನಾನು ನಂಬಿದ್ದೇನೆ.

ಈ ಶೈಲಿಯ ಪುಟವೊಂದು ಬರಹದಿಂದ ತುಂಬಿದ ಮೇಲೆ ತಾನಾಗಿ ಹುಟ್ಟುವ ಪುಟ ಯಾವ ಶೈಲಿಯದಾಗಿರಬೇಕು ಎಂಬುದನ್ನು ಆ ಪೆಟ್ಟಿಗೆ ಹೇಳುತ್ತದೆ. ‘ಲೇಖನ ಮೊದಲು’ ಶೈಲಿಯ ಮುಂದೆ ‘ಲೇಖನ ಒಳಗೆ’ ಎಂದು ಬರೆದರೆ, ಲೇಖನದ ಮೊದಲ ಪುಟ ತುಂಬಿ ಬರಹ ಮುಂದಕ್ಕೆ ಹರಿದ ಕೂಡಲೇ ಎರಡನೆಯ ಪುಟ ಶಿರೋಬರಹದೊಂದಿಗೆ ಬರುತ್ತದೆ. ‘ಲೇಖನ ಒಳಗೆ’ ಶೈಲಿಯ ಮುಂದೆ ಅದೇ ಶೈಲಿ. ಹೀಗಾಗಿ ಲೇಖನ ಮೂರು ಪುಟವಾಗಲಿ, ಹದಿಮೂರು ಪುಟವಾಗಲಿ, ಲೇಖಕರು ಕೊನೆಯ ಗಳಿಗೆಯಲ್ಲಿ ಎರಡು ಪ್ಯಾರಾ ತೆಗೆಯಲಿ, ನಾವು ಕೈ ಹಾಕಬೇಕಾದ್ದು ಏನೂ ಇಲ್ಲ. ‘ಜಾಹೀರಾತು’ ಶೈಲಿಯ ಮುಂದೆಯೂ ‘ಲೇಖನ ಒಳಗೆ’ ಎಂದೇ ಬರೆಯಿರಿ.

‘ಅಡ್ಡಪುಟ’ದ ಮುಂದೆ ಮಾತ್ರ ‘ಅಡ್ಡಪುಟ’ವೇ ಇರಬೇಕು. ದಾನಿಗಳ ಪಟ್ಟಿ ಈ ವರ್ಷ ಒಂದು ಪುಟವಾದರೆ ಮುಂದಿನ ವರ್ಷ ಮೂರು ಪುಟವಾಗಬಹುದು. ಮುಂದೆ ‘ಲೇಖನ ಒಳಗೆ’ ಎಂದು ಬರೆದಿದ್ದರೆ ಪಟ್ಟಿಯ ಎರಡನೆಯ ಪುಟ ನೀಳವಾಗಿ ಬಂದು ಕೋಷ್ಟಕ ಅಂಚನ್ನು ಮೀರಿ ಕತ್ತರಿಸಿಹೋಗುತ್ತದೆ. ಒಂದು ಶೈಲಿ ಸದಾ ಒಂದೇ ಪುಟಕ್ಕೆ ನಿಲ್ಲುವುದಾದರೆ ಬದಲಾವಣೆಯನ್ನು ‘ನೆಕ್ಸ್ಟ್ ಸ್ಟೈಲ್’ಗೆ ಬಿಡಿ, ಎಷ್ಟು ಪುಟ ಹರಿಯುವುದೋ ತಿಳಿಯದಿದ್ದರೆ ಬದಲಾವಣೆಯನ್ನು ಪುಟವಿರಾಮಕ್ಕೆ ಬಿಡಿ.

ಪುಟವಿರಾಮ ಹಾಕುವುದು

ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹೊಸ ಪುಟ ಬರುತ್ತದೆ. ಆದರೆ ಆ ವಿರಾಮ ಯಾವ ಶೈಲಿಯ ಆದೇಶವನ್ನೂ ಹೊತ್ತಿರುವುದಿಲ್ಲ. ಶೈಲಿ ಬದಲಾಗಬೇಕಾದ ಕಡೆ ‘ಇನ್ಸರ್ಟ್’ ಮೆನುವಿನ ‘ಮೋರ್ ಬ್ರೇಕ್ಸ್’ ಒಳಗಿರುವ ‘ಮ್ಯಾನುಯಲ್ ಬ್ರೇಕ್’ ಎಂಬುದನ್ನು ಬಳಸಬೇಕು. ಅಲ್ಲಿ ‘ಪೇಜ್ ಬ್ರೇಕ್’ ಆರಿಸಿದರೆ ಕೆಳಗೆ ಶೈಲಿಯನ್ನು ಕೇಳುತ್ತದೆ, ಪುಟಸಂಖ್ಯೆಯನ್ನು ಬದಲಿಸಬೇಕೇ ಎಂದೂ ಕೇಳುತ್ತದೆ. ದಾನಿಗಳ ಪಟ್ಟಿಯ ಆರಂಭದಲ್ಲಿ ‘ಅಡ್ಡಪುಟ’ ಶೈಲಿಯ ವಿರಾಮ, ಪಟ್ಟಿ ಮುಗಿದ ಮೇಲೆ ಬೇಕಾದ ಶೈಲಿಯ ಇನ್ನೊಂದು ವಿರಾಮ. ವಿರಾಮವಿರುವ ಪುಟದ ಮೇಲ್ತುದಿಯಲ್ಲಿ ತುಂಡುಗೆರೆ ಕಾಣುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ವಿರಾಮವನ್ನು ತಿದ್ದುವ, ಅಳಿಸುವ ಆಯ್ಕೆಗಳು ಸಿಗುತ್ತವೆ.

ಲೇಖನಗಳಿಗೆ ಇದಕ್ಕಿಂತ ಉತ್ತಮವಾದ ಮಾರ್ಗವಿದೆ. ಇಪ್ಪತ್ತೈದು ಲೇಖನಗಳಿದ್ದರೆ ಇಪ್ಪತ್ತೈದು ಕಡೆ ಕೈಯಿಂದ ವಿರಾಮ ಹಾಕುವ ಅಗತ್ಯವಿಲ್ಲ. ‘ಹೆಡಿಂಗ್ 1’ ಪ್ಯಾರಾಶೈಲಿಯನ್ನು ತಿದ್ದುವ ಕಿಟಕಿ ತೆರೆದು, ‘ಟೆಕ್ಸ್ಟ್ ಫ್ಲೋ’ ಎಂಬ ಭಾಗದಲ್ಲಿ ‘ಬ್ರೇಕ್ಸ್’ ಎಂಬುದರ ಕೆಳಗೆ ‘ಇನ್ಸರ್ಟ್’ ಗುರುತು ಮಾಡಿ, ಬಗೆ ‘ಪೇಜ್’, ಸ್ಥಾನ ‘ಬಿಫೋರ್’ ಎಂದು ಆರಿಸಿ, ‘ವಿತ್ ಪೇಜ್ ಸ್ಟೈಲ್’ ಎಂಬಲ್ಲಿ ‘ಲೇಖನ ಮೊದಲು’ ಎಂದು ಕೊಡಿ. ಅಂದಿನಿಂದ ಯಾವ ಸಾಲಿಗೆ ಆ ಶೀರ್ಷಿಕೆಯ ಶೈಲಿ ಕೊಟ್ಟರೂ ಅಲ್ಲಿಂದ ಹೊಸ ಪುಟ, ಸರಿಯಾದ ಶೈಲಿಯಲ್ಲಿ ಆರಂಭವಾಗುತ್ತದೆ. ‘ನೆಕ್ಸ್ಟ್ ಸ್ಟೈಲ್’ ಮುಂದಿನ ಪುಟಗಳನ್ನು ನೋಡಿಕೊಳ್ಳುತ್ತದೆ. ಲೇಖನಗಳ ಕ್ರಮವನ್ನು ಬದಲಿಸಬೇಕಾದಾಗ, ಅದು ನಮ್ಮ ಸಮಿತಿಗಳಲ್ಲಿ ಕೊನೆಯ ದಿನದವರೆಗೂ ನಡೆಯುವ ಕೆಲಸ, ಬರಹವನ್ನು ಕತ್ತರಿಸಿ ಸರಿಸಿದರೆ ಸಾಕು. ಈ ಒಂದು ಹೆಜ್ಜೆ ನನಗೆ ಉಳಿಸಿಕೊಟ್ಟಷ್ಟು ರಾತ್ರಿಗಳನ್ನು ಬೇರೆ ಯಾವ ಉಪಾಯವೂ ಉಳಿಸಿಕೊಟ್ಟಿಲ್ಲ. ಪ್ಯಾರಾಶೈಲಿಯ ಆ ಕಿಟಕಿಯಲ್ಲಿ ಪುಟಸಂಖ್ಯೆಯನ್ನು ಮಾತ್ರ ಕೊಡಬೇಡಿ. ಅಲ್ಲಿ 1 ಎಂದು ಬರೆದರೆ ಪ್ರತಿ ಲೇಖನವೂ ಒಂದನೇ ಪುಟದಿಂದಲೇ ಆರಂಭವಾಗುತ್ತದೆ.

ಜಾಹೀರಾತಿನ ಬಗ್ಗೆ ಒಂದು ಮಾತು. ಪ್ಯಾರಾದ ನಡುವೆ ಪುಟವಿರಾಮ ಹಾಕಿದರೆ ಆ ಪ್ಯಾರಾ ಅಲ್ಲಿಗೇ ತುಂಡಾಗುತ್ತದೆ. ಲೇಖನದ ಒಳಗೆ ಇಡೀ ಪುಟದ ಜಾಹೀರಾತನ್ನು ವಿರಾಮದ ಮೂಲಕ ಸೇರಿಸಲು ಹೋದರೆ ಹಿಂದಿನ ಪುಟದ ಕೆಳಭಾಗ ಖಾಲಿ ಉಳಿಯುತ್ತದೆ, ಇಲ್ಲವೇ ವಾಕ್ಯ ಎರಡಾಗುತ್ತದೆ. ಲೇಖನ ಮುಗಿದ ಮೇಲೆ ಜಾಹೀರಾತಿನ ಪುಟ ಬರುವಂತೆ ಸಂಚಿಕೆಯನ್ನು ಯೋಜಿಸುವುದೇ ಸರಿ. ನಮ್ಮ ಹೋಟೆಲ್ ಬಂಧುಗಳ ಜಾಹೀರಾತಿನಿಂದಲೇ ಸಂಚಿಕೆಯ ಖರ್ಚು ಹುಟ್ಟುತ್ತದೆ ಎಂಬುದು ನಿಜ. ಆದರೆ ಲೇಖಕರ ವಾಕ್ಯವನ್ನು ಕಡಿಯದೆಯೂ ಅವರಿಗೆ ಒಳ್ಳೆಯ ಪುಟ ಕೊಡಲು ಸಾಧ್ಯವಿದೆ.

ಪುಟಸಂಖ್ಯೆ, ಮತ್ತು ಕಾಣದ ಖಾಲಿ ಪುಟ

ಆರಂಭದ ಪುಟಗಳು ರೋಮನ್ ಅಂಕಿಯಲ್ಲಿ ನಡೆದು ಮೊದಲ ಲೇಖನ 1ರಿಂದ ಆರಂಭವಾಗಬೇಕು. ಅದಕ್ಕಾಗಿ ಮೊದಲ ಲೇಖನದ ಶೀರ್ಷಿಕೆಯಲ್ಲಿ ಕರ್ಸರ್ ಇಟ್ಟು, ‘ಫಾರ್ಮ್ಯಾಟ್’ ಮೆನುವಿನಿಂದ ಆ ಒಂದು ಪ್ಯಾರಾದ ‘ಟೆಕ್ಸ್ಟ್ ಫ್ಲೋ’ ತೆರೆದು, ಅಲ್ಲಿ ಶೈಲಿಯೊಂದಿಗೆ ಪುಟಸಂಖ್ಯೆ 1 ಎಂದು ಕೊಡಿ. ಅಡಿಬರಹದಲ್ಲಿ ‘ಇನ್ಸರ್ಟ್’ ಮೆನುವಿನಿಂದ ಪುಟಸಂಖ್ಯೆಯ ಫೀಲ್ಡನ್ನು ಹಾಕಿ; ಅದು ಯಾವ ರೂಪದಲ್ಲಿ ಕಾಣಬೇಕೆಂಬುದನ್ನು ಪುಟಶೈಲಿಯಿಂದಲೇ ತಿಳಿದುಕೊಳ್ಳುತ್ತದೆ. ಆ ಫೀಲ್ಡಿನ ಕಿಟಕಿಯಲ್ಲಿ ‘ಆಫ್‌ಸೆಟ್’ ಎಂಬ ಪೆಟ್ಟಿಗೆ ಇದೆ. ಪುಟಸಂಖ್ಯೆಯನ್ನು ಹೆಚ್ಚುಕಡಿಮೆ ಮಾಡಲು ಅದು ಇರುವುದೆಂದು ಭಾವಿಸಿ ಹಲವರು ಬಳಸುತ್ತಾರೆ. ಅದರ ಕೆಲಸ ಬೇರೆ: ಅಷ್ಟು ಪುಟ ಮುಂದಿನ ಅಥವಾ ಹಿಂದಿನ ಪುಟದ ಸಂಖ್ಯೆಯನ್ನು ಇಲ್ಲಿ ತೋರಿಸುವುದು. ಅಂತಹ ಪುಟವೇ ಇಲ್ಲದಿದ್ದರೆ ಅದು ಏನನ್ನೂ ತೋರಿಸುವುದಿಲ್ಲ, ಕಡತದ ಕೊನೆಯ ಪುಟಗಳಲ್ಲಿ ಸಂಖ್ಯೆ ಮಾಯವಾಗುವುದು ಇದರಿಂದಲೇ.

ಇನ್ನು ಬೆಸ ಮತ್ತು ಸಮ ಸಂಖ್ಯೆಗಳ ವಿಷಯ. ರೈಟರ್ ಬೆಸಸಂಖ್ಯೆಯ ಪುಟವನ್ನು ಸದಾ ಬಲಗಡೆಗೇ ಇಡುತ್ತದೆ. ಆರಂಭದ ಭಾಗ ಏಳನೆಯ ಪುಟಕ್ಕೆ, ಎಂದರೆ ಬಲಪುಟಕ್ಕೆ ಮುಗಿದು, ಮುಂದಿನ ಪುಟದ ಸಂಖ್ಯೆ 1 ಎಂದು ಕೊಟ್ಟರೆ, ಎರಡು ಬಲಪುಟಗಳು ಒಂದರ ಹಿಂದೆ ಒಂದು ಬರಲಾರವಾದ್ದರಿಂದ ನಡುವೆ ಒಂದು ಖಾಲಿ ಪುಟವನ್ನು ತಾನೇ ಸೇರಿಸಿಕೊಳ್ಳುತ್ತದೆ. ಪ್ರತಿ ಲೇಖನವೂ ಬಲಪುಟದಲ್ಲಿಯೇ ಆರಂಭವಾಗಲಿ ಎಂದು ‘ಲೇಖನ ಮೊದಲು’ ಶೈಲಿಯ ‘ಪೇಜ್ ಲೇಔಟ್’ನಲ್ಲಿ ‘ಓನ್ಲಿ ರೈಟ್’ ಆರಿಸಿದರೂ ಬೇಕಾದ ಕಡೆಯೆಲ್ಲ ಹೀಗೆಯೇ ಖಾಲಿ ಪುಟ ಸೇರುತ್ತದೆ. ಸಂಖ್ಯೆ 13ರಿಂದ ನೇರವಾಗಿ 15ಕ್ಕೆ ಜಿಗಿದದ್ದು ಕಂಡರೆ ಗಾಬರಿಯಾಗಬೇಡಿ, ನಡುವೆ ಅಂತಹ ಪುಟವಿದೆ.

ಈ ಖಾಲಿ ಪುಟದಿಂದ ನನಗೆ ಒಮ್ಮೆ ದೊಡ್ಡ ಪಾಠವಾಯಿತು. ನಾನು ಕಳಿಸಿದ ಪಿಡಿಎಫ್‌ನಲ್ಲಿ ಆ ಪುಟಗಳು ಬಂದಿರಲಿಲ್ಲ. ಮೊದಲ ಖಾಲಿ ಪುಟದ ಸ್ಥಾನದಿಂದ ಎರಡನೆಯದರ ಸ್ಥಾನದವರೆಗೆ ಬಲಪುಟಗಳೆಲ್ಲ ಎಡಕ್ಕೆ ಬಂದು, ಅಗಲವಾದ ಒಳ ಅಂಚು ಹೊರಕ್ಕೆ, ಕಿರಿದಾದ ಹೊರ ಅಂಚು ಹೊಲಿಗೆಯ ಕಡೆಗೆ ಹೋಗಿತ್ತು. ಮುದ್ರಣಾಲಯದಿಂದ ಬಂದ ಕರಡು ಪ್ರತಿಯನ್ನು ಮಡಿಸಿ ನೋಡಿದಾಗ ಅದು ಕಣ್ಣಿಗೆ ಬಿತ್ತು, ಅಚ್ಚಾಗುವ ಮುನ್ನ ಸರಿಪಡಿಸಿದೆವು. ಪಿಡಿಎಫ್ ರಫ್ತು ಮಾಡುವ ಕಿಟಕಿಯಲ್ಲಿ, ತಾನಾಗಿ ಸೇರಿದ ಖಾಲಿ ಪುಟಗಳನ್ನೂ ರಫ್ತು ಮಾಡು ಎಂಬ ಆಯ್ಕೆ ಇದೆ. ಅದನ್ನು ಗುರುತು ಮಾಡದೆ ಕಡತವನ್ನು ಮುದ್ರಣಾಲಯಕ್ಕೆ ಎಂದೂ ಕಳಿಸಬೇಡಿ. ಮುದ್ರಕದಲ್ಲಿ ನೇರವಾಗಿ ಅಚ್ಚು ಹಾಕುವುದಕ್ಕೂ ರೈಟರ್‌ನ ‘ಆಪ್ಷನ್ಸ್’ನಲ್ಲಿ, ‘ಪ್ರಿಂಟ್’ ಎಂಬಲ್ಲಿ ಇಂತಹುದೇ ಆಯ್ಕೆ ಇದೆ. ಸಂಚಿಕೆ ಹದಿನಾರು ಪುಟಗಳ ಫಾರಂಗಳಾಗಿ ಅಚ್ಚಾಗುವುದಾದರೆ ಒಟ್ಟು ಪುಟಗಳನ್ನು ಎಣಿಸುವಾಗಲೂ ಈ ಖಾಲಿ ಪುಟಗಳನ್ನು ಸೇರಿಸಿಯೇ ಎಣಿಸಬೇಕು.

ಸಾಲಿಗೆ ಸಾಲು

ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ತೆರಪು ಬೇಕಾಗುತ್ತದೆ. ಉಪಶೀರ್ಷಿಕೆ, ಪದ್ಯ, ಉದ್ಧರಣೆಗಳು ನಡುವೆ ಬಂದಾಗ ಎದುರುಬದುರು ಪುಟಗಳ ಸಾಲುಗಳ ಮಟ್ಟ ತಪ್ಪುತ್ತದೆ; ಕಾಗದ ತೆಳುವಾಗಿದ್ದರೆ ಹಿಂಬದಿಯ ಸಾಲುಗಳು ಈ ಬದಿಯ ತೆರಪಿನಲ್ಲಿ ನೆರಳಾಡುತ್ತವೆ. ಪುಟಶೈಲಿಯ ‘ಪೇಜ್’ ಭಾಗದಲ್ಲಿರುವ ‘ಯೂಸ್ ಪೇಜ್ ಲೈನ್ ಸ್ಪೇಸಿಂಗ್’ ಎಂಬ ಆಯ್ಕೆಯನ್ನು ಗುರುತು ಮಾಡಿ, ಆಧಾರಶೈಲಿಯಾಗಿ ಲೇಖನದ ಮುಖ್ಯ ಪ್ಯಾರಾಶೈಲಿಯನ್ನು ಕೊಟ್ಟರೆ, ಅದರ ಸಾಲಿನ ಅಂತರವೇ ಪುಟಕ್ಕೆಲ್ಲ ಹಾಸಿದ ಗೆರೆಗಳಂತಾಗಿ ಸಾಲುಗಳು ಅವುಗಳ ಮೇಲೆಯೇ ಕೂರುತ್ತವೆ. ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ‘ರಿಜಿಸ್ಟರ್ ಟ್ರೂ’. ‘ಲೇಖನ ಮೊದಲು’ ಮತ್ತು ‘ಲೇಖನ ಒಳಗೆ’ ಎರಡರಲ್ಲಿಯೂ ಇದನ್ನು ಹಾಕಿ.

ವರ್ಡ್‌ನಿಂದ ಬಂದ ಕಡತಗಳು

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಪುಟಶೈಲಿ ಎಂಬುದಿಲ್ಲ. ಅಲ್ಲಿ ಕಡತವನ್ನು ‘ಸೆಕ್ಷನ್’ಗಳಾಗಿ ಒಡೆದು, ಪುಟದ ಗುಣಗಳನ್ನು ಆಯಾ ಸೆಕ್ಷನ್ನಿಗೆ ಕೊಡುತ್ತಾರೆ, ಹೆಸರಿಟ್ಟು ಮತ್ತೆ ಮತ್ತೆ ಕರೆಯಬಹುದಾದ ಅಚ್ಚು ಅಲ್ಲಿ ಸಿಗುವುದಿಲ್ಲ. ವರ್ಡ್ ಕಡತವನ್ನು ರೈಟರ್‌ನಲ್ಲಿ ತೆರೆದಾಗ ಸೆಕ್ಷನ್‌ಗಳು ‘ಕನ್ವರ್ಟೆಡ್1’, ‘ಕನ್ವರ್ಟೆಡ್2’ ಎಂಬಂತಹ ಹೆಸರಿನ ಪುಟಶೈಲಿಗಳಾಗಿ ಬರುವುದನ್ನು ನೋಡಬಹುದು. ಲೇಖಕರು ವರ್ಡ್‌ನಲ್ಲಿ ಕಳಿಸಿದ ಬರಹವನ್ನು ಸಂಚಿಕೆಗೆ ಸೇರಿಸುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮತ್ತು ವಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಬರಿಯ ಅಕ್ಷರಗಳನ್ನಷ್ಟೇ ಅಂಟಿಸಿ; ಹಾಗೆ ಮಾಡಿದರೆ ಅವರ ವಿರಾಮಗಳು, ಅಂಚುಗಳು ನಮ್ಮ ಕಡತದೊಳಗೆ ನುಗ್ಗುವುದಿಲ್ಲ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬಂದ ಲೇಖನಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಸಂಚಿಕೆಯ ಮೂಲ ಕಡತವನ್ನು ಸದಾ ರೈಟರ್‌ನ ಸ್ವಂತ ಕಡತರೂಪವಾದ ಒಡಿಟಿಯಲ್ಲಿಯೇ ಉಳಿಸಿ, ಮುದ್ರಣಾಲಯಕ್ಕೆ ಪಿಡಿಎಫ್ ಕೊಡಿ.

ಯಾವುದೋ ಪುಟ ಎಣಿಸಿದಂತೆ ವರ್ತಿಸದಿದ್ದರೆ ಕರ್ಸರನ್ನು ಅಲ್ಲಿಟ್ಟು ಕಿಟಕಿಯ ತಳದಲ್ಲಿರುವ ಸ್ಥಿತಿಪಟ್ಟಿಯನ್ನು ನೋಡಿ. ಆ ಪುಟದ ಶೈಲಿಯ ಹೆಸರು ಅಲ್ಲಿರುತ್ತದೆ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಶೈಲಿಯ ಕಿಟಕಿಯೇ ತೆರೆಯುತ್ತದೆ. ಹೆಸರು ತಪ್ಪಾಗಿದ್ದರೆ ಹಿಂದಕ್ಕೆ ಹೋಗುತ್ತ, ಶೈಲಿ ಬದಲಾದ ಮೊದಲ ಪ್ಯಾರಾವನ್ನು ಹುಡುಕಿ. ಹೆಸರು ಸರಿಯಾಗಿದ್ದೂ ಪುಟ ತಪ್ಪಾಗಿದ್ದರೆ ತಿದ್ದಬೇಕಾದ್ದು ಶೈಲಿಯನ್ನು.

ಸಂಚಿಕೆ ಮುದ್ರಣಕ್ಕೆ ಹೋದ ಮೇಲೆ ಕಡತದ ಒಂದು ಪ್ರತಿ ಮಾಡಿ, ಬರಹವನ್ನೆಲ್ಲ ಅಳಿಸಿ, ‘ಫೈಲ್’ ಮೆನುವಿನ ‘ಟೆಂಪ್ಲೇಟ್ಸ್’ ಒಳಗಿರುವ ‘ಸೇವ್ ಆ್ಯಸ್ ಟೆಂಪ್ಲೇಟ್’ ಮೂಲಕ ಸಂಘದ ಹೆಸರಿನಲ್ಲಿ ಉಳಿಸಿ. ಐದೂ ಪುಟಶೈಲಿಗಳು, ಅವುಗಳ ‘ನೆಕ್ಸ್ಟ್ ಸ್ಟೈಲ್’ ಸಂಬಂಧಗಳು, ‘ಹೆಡಿಂಗ್ 1’ರ ವಿರಾಮ ಎಲ್ಲವೂ ಅದರಲ್ಲಿರುತ್ತವೆ. ಅಂಕಿಗಳನ್ನು ಬರೆದಿಟ್ಟ ಚೀಟಿಯ ಫೋಟೋ ತೆಗೆದು ಟೆಂಪ್ಲೇಟಿನ ಜೊತೆಗೇ ಇಡಿ, ಎರಡನ್ನೂ ಮುಂದಿನ ವರ್ಷದ ಸಂಪಾದಕ ಸಮಿತಿಗೆ ಒಪ್ಪಿಸಿ.